ಮೂರನೆಯ ಖಾಲಿ ಡ್ರಮ್ಮು

ಆ ವರ್ಷ, ಅಂದರೆ ೧೯೭೭ರಲ್ಲಿ, ನಾನು ಚಿತ್ರದುರ್ಗದ ಒಂದು ಸರಕು ಸಾಗಣೆ ಕಚೇರಿಯಲ್ಲಿ ಟೈಪಿಸ್ಟಾಗಿದ್ದೆ. ಹೊಸದುರ್ಗದ ಕಡೆಯಿಂದ ಮ್ಯಾಂಗನೀಸ್ ಅದಿರು, ಹಿರಿಯೂರಿನ ಹತ್ತಿ, ಹೊಳಲ್ಕೆರೆಯ ಕಡಲೆಕಾಯಿ, ಇವುಗಳ ಕಾಗದಪತ್ರಗಳೇ ನಮ್ಮ ದಿನದ ಕೆಲಸ. ಕಚೇರಿಯ ಹಿಂದೆ ತಗಡಿನ ಗೋದಾಮು, ಅದರ ಬಾಗಿಲಲ್ಲಿ ಕಾವಲುಗಾರ ಕಾಟಯ್ಯ, ಒಳಗೆ ಮ್ಯಾನೇಜರ್ ಗೋವಿಂದಪ್ಪನವರು. ನಾವು ಮೂವರೇ ಆ ಕಚೇರಿ ಎಂದರೂ ನಡೆಯುತ್ತಿತ್ತು.

ಫೆಬ್ರವರಿಯಲ್ಲಿ ನಮಗೆ ಅಭ್ಯಾಸವಿಲ್ಲದ ಒಂದು ಕೆಲಸ ಬಂತು. ಹತ್ತಿ ಬೆಳೆಗೆಂದು ಹೊರದೇಶದಿಂದ ತರಿಸಿದ್ದ ಅರವತ್ತು ಡ್ರಮ್ಮು ಕ್ರಿಮಿನಾಶಕ ನಮ್ಮ ಗೋದಾಮಿನಲ್ಲಿತ್ತು. ಡ್ರಮ್ಮುಗಳ ಬೆಸುಗೆ ತುಕ್ಕು ಹಿಡಿದಿದ್ದರಿಂದ ತಯಾರಿಸಿದವರೇ ಅದನ್ನು ವಾಪಸು ತೆಗೆದುಕೊಳ್ಳಲು ಒಪ್ಪಿದ್ದರು. ಲಾರಿಯಲ್ಲಿ ಮಂಗಳೂರಿನ ಹೊಸ ಬಂದರಿಗೆ ಕಳಿಸಬೇಕು, ಅಲ್ಲಿಂದ ಹಡಗು. ಬಂದರಿನ ಏಜೆಂಟರು ಇಂಗ್ಲಿಷಿನಲ್ಲಿ ಹತ್ತು ಪುಟದ ಸುತ್ತೋಲೆ ಕಳಿಸಿದರು. ಗೋವಿಂದಪ್ಪನವರು ಅದನ್ನು ತಿರುವಿ ಹಾಕಿ ನನ್ನ ಮೇಜಿನ ಮೇಲಿಟ್ಟು, ಬಿ.ಎ. ಓದಿದವರು ನೀವೇ, ಇದರ ಪ್ರಕಾರ ಪಟ್ಟಿ ಮಾಡಿ ಎಂದರು.

ಸಮುದ್ರವನ್ನು ನಾನು ಆಗ ಇನ್ನೂ ನೋಡಿರಲಿಲ್ಲ. ಆದರೂ ಆ ಸುತ್ತೋಲೆ ಓದುತ್ತ ನನಗೆ ಅದನ್ನು ಬರೆದವರ ಮೇಲೆ ಗೌರವ ಹುಟ್ಟಿತು. ಡ್ರಮ್ಮಿನ ಮೇಲೆ ಮಾರಾಟದ ಹೆಸರು ಬರೆದರೆ ಸಾಲದು, ಒಳಗಿನ ವಿಷದ ರಾಸಾಯನಿಕ ಹೆಸರನ್ನೇ ಬರೆಯಬೇಕು. ತಲೆಬುರುಡೆಯ ಗುರುತು ಉಪ್ಪುನೀರಿನಲ್ಲಿ ನೆನೆದರೂ ಅಳಿಸಬಾರದು. ಹಡಗಿನಲ್ಲಿ ಆಹಾರದ ಹತ್ತಿರ ಇಡಬಾರದು. ಸೋರಿದ್ದನ್ನು ತೊಳೆದು ಕಡಲಿಗೆ ಬಿಡಬಾರದು, ಮೀನು ಸಾಯುತ್ತವೆ. ಹಡಗಿಗೋ ಮನುಷ್ಯರ ಪ್ರಾಣಕ್ಕೋ ಅಪಾಯ ಬಂದರೆ ಹೊರತು ಒಂದು ಡ್ರಮ್ಮನ್ನೂ ನೀರಿಗೆ ಎಸೆಯಬಾರದು. ಎಲ್ಲೋ ಕೂತು ಯಾರೋ ಮೀನಿನ ಬಗ್ಗೆಯೂ ಯೋಚಿಸಿದ್ದರು.

ನಮ್ಮ ಡ್ರಮ್ಮುಗಳ ಮೇಲೆ ತಲೆಬುರುಡೆಯೂ ನಂಬರೂ ಇದ್ದವು, ಆದರೆ ಹೆಸರೆಂದು ಇದ್ದದ್ದು ಮಾರಾಟದ ಹೆಸರು ಮಾತ್ರ, ಪಕ್ಕದಲ್ಲಿ ಬಿಡಿಸಿದ ಹತ್ತಿಯ ಚಿತ್ರ. ರಾಸಾಯನಿಕ ಹೆಸರಿಗಾಗಿ ನಾನು ಸರಕು ತರಿಸಿದ್ದ ಬೊಂಬಾಯಿಯ ಕಂಪನಿಗೆ ಟ್ರಂಕ್ ಕಾಲ್ ಹಾಕಿ ಅರ್ಧ ದಿನ ಕಾದೆ. ಕೊನೆಗೆ ಒಬ್ಬರು ಅಕ್ಷರ ಅಕ್ಷರವಾಗಿ ಹೇಳಿದರು: ಪ್ಯಾರಾಥಿಯಾನ್. ಅದನ್ನೇ ಪಟ್ಟಿಯಲ್ಲಿ ಟೈಪು ಮಾಡಿ, ಪ್ರತಿ ಡ್ರಮ್ಮಿನ ನಂಬರನ್ನೂ ಬರೆದೆ.

ಏಳನೆಯ ಪುಟದಲ್ಲಿ ನಿಂತುಬಿಟ್ಟೆ. ಇಂಥ ಸರಕು ತುಂಬಿದ್ದ ಖಾಲಿ ಡ್ರಮ್ಮನ್ನೂ ತುಂಬಿದ ಡ್ರಮ್ಮಿನಂತೆಯೇ ಅಪಾಯಕಾರಿ ಎಂದು ಎಣಿಸಬೇಕು, ಒಳಗೆ ಏನೂ ಉಳಿದಿಲ್ಲವೆಂದು ಖಚಿತವಾಗುವವರೆಗೆ ಅದರ ಗುರುತನ್ನು ತೆಗೆಯಕೂಡದು, ಖಾಲಿ ಡ್ರಮ್ಮುಗಳನ್ನೂ ಲೆಕ್ಕ ಕೊಟ್ಟು ವಾಪಸು ಕಳಿಸಬೇಕು ಎಂದಿತ್ತು. ಎರಡು ಸಲ ಓದಿದೆ. ಸೋರುತ್ತಿದ್ದ ಮೂರು ಡ್ರಮ್ಮುಗಳ ಮದ್ದನ್ನು ಹೊಸ ಡ್ರಮ್ಮುಗಳಿಗೆ ಸುರಿಸಿದ್ದೆವು. ಆ ಮೂರರಲ್ಲಿ ಎರಡು ಅಂಗಳದಲ್ಲಿದ್ದವು. ಮೂರನೆಯದು ಎಲ್ಲಿಗೆ ಹೋಗಿದೆ ಎಂಬುದು ನನಗೆ ಗೊತ್ತಿತ್ತು.

ಹನ್ನೊಂದು ದಿನದ ಹಿಂದೆ ಕಾಟಯ್ಯ ಕಚೇರಿಯ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದ. ಅವನ ಮಗಳು ಮುದ್ದಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಅವನ ಊರು ಯಲ್ಲದಕೆರೆಯ ಆಚೆಗಿನ ಒಂದು ಗೊಲ್ಲರ ಹಟ್ಟಿ. ಅಲ್ಲಿ ಹಟ್ಟಿಯ ಸುತ್ತ ಮುಳ್ಳುಬೇಲಿ, ಒಳಗೆ ದೇವರ ಗುಡಿ. ಹೆತ್ತವಳು ಮೈಲಿಗೆ ಕಳೆಯುವ ತನಕ ಬೇಲಿಯ ಹೊರಗಿನ ಗುಡಿಸಲಿನಲ್ಲಿ ಮಗುವಿನೊಂದಿಗೆ ಇರಬೇಕು. ಅವಳು ಬಾವಿ ಮುಟ್ಟುವಂತಿಲ್ಲ, ಅವಳನ್ನು ಯಾರೂ ಮುಟ್ಟುವಂತಿಲ್ಲ. ನೀರು ಬೇಕೆಂದರೆ ಯಾರಾದರೂ ಕೊಡ ಹೊತ್ತು ಬಂದು ಅವಳ ಮಡಕೆಗೆ ಎತ್ತರದಿಂದ ಸುರಿಯಬೇಕು. ಜನ ಕುರಿಯ ಹಿಂದೆ ಹೋದ ಹೊತ್ತಿನಲ್ಲಿ ಬಾಣಂತಿ ಬಾಯಾರಿಕೊಂಡು ದಾರಿ ನೋಡುತ್ತಾಳೆ ಎಂದು ಕಾಟಯ್ಯ ಮೆಲ್ಲಗೆ ಹೇಳಿದ. ಅವನ ಹೆಂಡತಿಗೆ ಹಾಗೆ ಆಗಿದ್ದನ್ನು ಅವನು ಕಂಡಿದ್ದ. ಗುಡಿಸಲಿನ ಬಾಗಿಲಲ್ಲೇ ಒಂದು ದೊಡ್ಡ ಡ್ರಮ್ಮಿದ್ದರೆ ಬೆಳಿಗ್ಗೆ ಒಂದು ಸಲ ತುಂಬಿಸಿಟ್ಟರಾಯಿತು, ಮಗಳು ತಾನೇ ತೋಡಿಕೊಳ್ಳುತ್ತಾಳೆ.

"ಖಾಲಿ ತಗಡು, ತಗಂಡ್ಹೋಗಯ್ಯ," ಎಂದರು ಗೋವಿಂದಪ್ಪನವರು. "ಅಜ್ಜ ಆಗ್ತಿದೀಯ, ಬರಿಗೈಲಿ ಹೋಗ್ತೀಯ?"

ನಾನು ಮನೆಯಿಂದ ಒಂದು ಮೆತ್ತನೆಯ ಹಳೆ ಸೀರೆ ತಂದು ಮಗುವಿನ ಬಟ್ಟೆಗೆ ಆಗುತ್ತದೆಂದು ಕೊಟ್ಟೆ. ಬೂದಿ ಹಾಕಿ ಬಿಸಿನೀರಲ್ಲಿ ಚೆನ್ನಾಗಿ ತೊಳೆದರೆ ಸಾಕು, ವಾಸನೆ ಹೋಗುತ್ತದೆ ಎಂದೂ ಹೇಳಿದೆ. ಹೇಳಿದವಳು ನಾನು. ನಮ್ಮ ಲಾರಿ ಓಡಿಸುತ್ತಿದ್ದ ಚಿತ್ತಪ್ಪ ಡ್ರಮ್ಮನ್ನು ಹಟ್ಟಿಯವರೆಗೆ ಮುಟ್ಟಿಸಿದ. ಅವತ್ತು ನಾವೆಲ್ಲ ಒಂದು ಒಳ್ಳೆಯ ಕೆಲಸ ಮಾಡಿದ ಸಂತೋಷದಲ್ಲಿದ್ದೆವು.

ಸುತ್ತೋಲೆಯ ಏಳನೆಯ ಪುಟವನ್ನು ನಾನು ಗೋವಿಂದಪ್ಪನವರ ಮುಂದಿಟ್ಟೆ. ಅವರು ಓದಿ ಕನ್ನಡಕ ತೆಗೆದರು. ಹಿಂದೆ ಕೇರಳದಲ್ಲಿ ಹಡಗಿನಲ್ಲಿ ಗೋಧಿಹಿಟ್ಟಿನ ಮೂಟೆಗಳ ಮೇಲೆ ಇಂಥದೇ ಮದ್ದು ಸೋರಿ, ಆ ಹಿಟ್ಟು ತಿಂದವರು ಸತ್ತದ್ದನ್ನು ಪತ್ರಿಕೆಯಲ್ಲಿ ಓದಿದ್ದೆ ಎಂದರು. ಕಾಟಯ್ಯನನ್ನು ಕರೆದು, ಆ ಡ್ರಮ್ಮಿನ ನೀರು ಕುಡಿಯುತ್ತಾರೋ ಬರೀ ಸ್ನಾನಕ್ಕೋ ಎಂದು ಕೇಳಿದರು. ಕಾಟಯ್ಯನಿಗೆ ಆರು ದಿನದ ಹಿಂದೆ ಬಸ್ಸಿನ ಕಂಡಕ್ಟರ್ ಸುದ್ದಿ ತಂದಿದ್ದ, ಹೆಣ್ಣುಮಗು, ಇಬ್ಬರೂ ಸುಖ ಎಂದು. ಅವನ ಮುಖದಲ್ಲಿ ಇನ್ನೂ ಆ ಸುಖವಿತ್ತು.

"ಎರಡಕ್ಕೂ ಅದೇ ಸಾಮಿ. ಯಾಕೆ, ವಾಪಸ್ ಕೊಡಬೇಕಾ?"

ಯಾಕೆಂದು ನಾನು ಹೇಳಿದೆ. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ, ಆಮೇಲೆ ಹಿಡಿದದ್ದನ್ನೇ ಮರೆತ.

ಹಿರಿಯೂರಿಗೆ ಹೊರಡಲಿದ್ದ ಚಿತ್ತಪ್ಪನ ಲಾರಿ ಬಾಗಿಲಲ್ಲೇ ಇತ್ತು. ಸರಕು ಇಲ್ಲೇ ಇಳಿಸಿ ಕಾಟಯ್ಯನನ್ನು ಹಟ್ಟಿಗೆ ಕರೆದೊಯ್ಯಿ ಎಂದು ಗೋವಿಂದಪ್ಪನವರು ಅವನಿಗೆ ಹೇಳಿದರು. ಹೆಂಗಸೊಬ್ಬಳು ಜೊತೆಗಿದ್ದರೆ ಬಾಣಂತಿಯ ಹತ್ತಿರ ಮಾತಾಡಬಹುದೆಂದು ನನ್ನನ್ನೂ ಕಳಿಸಿದರು. ಡ್ರಮ್ಮಿನ ನಂಬರು ತಾಳೆ ನೋಡಲು ಬೇಕಾಗುತ್ತದೆಂದು ನಾನು ಪಟ್ಟಿಯ ಕಾರ್ಬನ್ ಪ್ರತಿಯನ್ನು ಚೀಲಕ್ಕೆ ಹಾಕಿಕೊಂಡೆ.

ದಾರಿಯಲ್ಲಿ ಮೊದಲು ಚಿತ್ತಪ್ಪನೇ ಮಾತಾಡುತ್ತಿದ್ದ. ಮೊಮ್ಮಗಳ ಮುಖ ನೋಡೋಕೆ ಲಾರಿ ಮಾಡಿಕೊಂಡು ಹೋಗೋ ಅಜ್ಜ ಈ ಜಿಲ್ಲೆಯಲ್ಲೇ ನೀನೊಬ್ಬ ಎಂದು ಕಾಟಯ್ಯನನ್ನು ರೇಗಿಸಿದ. ಕಾಟಯ್ಯ ನಗಲಿಲ್ಲ. ಆಗ ಚಿತ್ತಪ್ಪ ನನ್ನ ಮುಖ ನೋಡಿದ. ಆಮೇಲೆ ಹಿರಿಯೂರು ದಾಟಿ ಯಲ್ಲದಕೆರೆಯ ದಾರಿ ಹಿಡಿಯುವವರೆಗೂ ಬರೀ ವೇಗ.

ಕಾಟಯ್ಯ ಒಂದೇ ಸಲ ಕೇಳಿದ. "ಬೂದಿ ಹಾಕಿ ತೊಳದೈತಲ್ಲ, ಶಾಂತಕ್ಕ?"

ತೊಳೆದರೆ ಎಷ್ಟು ಹೋಗುತ್ತದೋ ನನಗೆ ಗೊತ್ತಿಲ್ಲ ಎಂದೆ.

ಹಟ್ಟಿ ತಲುಪಿದಾಗ ಎರಡು ಗಂಟೆಯ ಬಿಸಿಲು. ಬೇಲಿಯ ಹೊರಗೆ, ಒಂದು ಬೇವಿನ ಮರದ ಕೆಳಗೆ, ಮೊಣಕಾಲೂರಿ ಒಳಹೋಗುವಂಥ ಸಣ್ಣ ಗುಡಿಸಲು. ಬಾಗಿಲ ಪಕ್ಕದಲ್ಲಿ ಡ್ರಮ್ಮು. ನಾನು ಅದನ್ನು ಗುರುತಿಸಲಿಲ್ಲ. ತಲೆಬುರುಡೆಯೂ ಇಲ್ಲ, ಹತ್ತಿಯ ಚಿತ್ರವೂ ಇಲ್ಲ, ನಂಬರೂ ಇಲ್ಲ. ಬೆಳ್ಳಗೆ ಹೊಳೆಯುವ ತಗಡಿನ ಮೇಲೆ ಸುಣ್ಣದಲ್ಲಿ ಎಳೆದ ಮೂರು ಪಟ್ಟೆ.

ಹತ್ತು ಮಾರು ದೂರದಲ್ಲಿ ಕಾಟಯ್ಯನ ಹೆಂಡತಿ ಹುಚ್ಚಕ್ಕ ಕೂತಿದ್ದಳು. ನಮ್ಮನ್ನು ನೋಡಿ ಎದ್ದು, ಒಳ್ಳೆ ಹೊತ್ತಿಗೆ ಬಂದ್ರಿ, ಕುಂತ್ಕಳ್ರಿ ಎಂದು ತನ್ನ ಸೆರಗಿನಿಂದ ನನಗೊಂದು ಕಲ್ಲು ಒರೆಸಿದಳು. ಆ ಸಂಕಟದಲ್ಲೂ ಒರೆಸಿದಳು. ನಿನ್ನೆಯಿಂದ ಮಗಳಿಗೆ ಬಾಣಂತಿ ಸನ್ನಿ ಹಿಡಿದಿದೆ, ಮೈಯೆಲ್ಲ ಬೆವರು, ಬಾಯಲ್ಲಿ ಜೊಲ್ಲು, ಕೈಕಾಲು ಅದುರುತ್ತವೆ, ಕಣ್ಣು ಮಂಜು ಅನ್ನುತ್ತಾಳೆ, ಮಗುವಿಗೆ ಹಾಲು ಕುಡಿಸಿಲ್ಲ ಎಂದಳು. ದೇವರಿಗೆ ಮುಡಿಪು ಕಟ್ಟಿಟ್ಟಿದ್ದರು. ನೀರು ಹೆಚ್ಚು ಕುಡಿಸಿದರೆ ಜ್ವರ ಇಳಿಯುತ್ತದೆಂದು ಡ್ರಮ್ಮಿನ ನೀರನ್ನೇ ಮತ್ತೆ ಮತ್ತೆ ಕುಡಿ ಎಂದು ದೂರದಿಂದ ಹೇಳುತ್ತಿದ್ದರು.

ಡ್ರಮ್ಮಿನ ಮೇಲಿದ್ದ ಗುರುತು ಏನಾಯಿತು ಎಂದು ಕೇಳಿದೆ.

"ಆ ಬುರುಡೆ ಚಿತ್ರನಾ? ಮೂರು ದಿನ ಇಟ್ಟಿಗೆ ಪುಡಿ ಹಾಕಿ ತಿಕ್ಕೀನಿ. ಹಸುಗೂಸಿನ ಕಣ್ಣೆದುರಿಗೆ ಸುಡುಗಾಡಿನ ಚಿತ್ರ ಇಡಾಕಾಗ್ತೈತಾ, ನೀವೇ ಹೇಳ್ರಿ." ಆಮೇಲೆ ನನಗೆ ಬೇಜಾರಾಯಿತೇನೋ ಎಂದುಕೊಂಡು, "ಒಳಗೂ ತೊಳದೀವಿ, ನೀವು ಹೇಳ್ದಂಗೆ, ಬೂದಿ ಹಾಕಿ," ಎಂದಳು.

ನಾನು ಗುಡಿಸಲಿನ ಬಾಗಿಲಲ್ಲಿ ಬಗ್ಗಿ ನೋಡಿದೆ. ಮುದ್ದಕ್ಕನಿಗೆ ಹತ್ತೊಂಬತ್ತು ಇರಬಹುದು. ಮಗುವನ್ನು ನಾನು ಕೊಟ್ಟ ಸೀರೆಯಲ್ಲಿ ಸುತ್ತಿ, ತನ್ನ ಅದುರುವ ಕೈ ತಾಗದಷ್ಟು ದೂರದಲ್ಲಿ ಮಲಗಿಸಿದ್ದಳು. ಉಸಿರು ಗೊರಗೊರ ಎನ್ನುತ್ತಿತ್ತು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು.

ಇದು ಸನ್ನಿಯಲ್ಲ, ಡ್ರಮ್ಮಿನಲ್ಲಿದ್ದ ವಿಷ, ಈಗಲೇ ಆಸ್ಪತ್ರೆಗೆ ಒಯ್ಯಬೇಕು ಎಂದು ನಾನು ಹುಚ್ಚಕ್ಕನಿಗೆ ಹೇಳಿದೆ. ಅವಳು ತನ್ನ ಅಂಗೈಗಳನ್ನು ನೋಡಿಕೊಂಡಳು, ತಿಕ್ಕಿ ತಿಕ್ಕಿ ಸಿಪ್ಪೆ ಎದ್ದ ಅಂಗೈಗಳು. ಕಾಟಯ್ಯ ಬೇಲಿಯ ಕಡೆ ತಿರುಗಿ ಜನರನ್ನು ಕೂಗಿದ.

ಅಷ್ಟರಲ್ಲಿ ಹಟ್ಟಿಯ ಯಜಮಾನ ಗೊಲ್ಲಪ್ಪನೂ ನಾಲ್ಕಾರು ಗಂಡಸರೂ ಬಂದರು. ಗೊಲ್ಲಪ್ಪನಿಗೆ ಎಪ್ಪತ್ತು ದಾಟಿತ್ತು. ನನ್ನ ಮಾತನ್ನು ಅರ್ಧಕ್ಕೆ ತಡೆಯದೆ ಕೇಳಿದ. ಮೈಲಿಗೆ ಕಳೆದಿಲ್ಲ, ಅವಳನ್ನು ಮುಟ್ಟಿದವರು ಇವತ್ತು ಬೇಲಿಯೊಳಗೆ ಬರುವಂತಿಲ್ಲ, ಅವರ ಮನೆಗಳಲ್ಲಿ ಒಲೆ ಹಚ್ಚುವಂತಿಲ್ಲ ಎಂದು ಒಬ್ಬ ಹೇಳಿದ. ಸಿಟ್ಟಿನಿಂದಲ್ಲ, ಹೆದರಿಕೆಯಿಂದ. ನಾನು ಮತ್ತು ಚಿತ್ತಪ್ಪ ಎತ್ತುತ್ತೇವೆ ಎಂದೆ. ಆದರೆ ನಾವಿಬ್ಬರು ಸಾಲುತ್ತಿರಲಿಲ್ಲ. ಅವಳ ಮೈ ಸೆಟೆಯುತ್ತಿತ್ತು, ಗುಡಿಸಲಿನ ಬಾಗಿಲು ಗಿಡ್ಡ, ಲಾರಿ ನಿಂತದ್ದು ಹಳ್ಳದ ಆಚೆ.

ಗೊಲ್ಲಪ್ಪ ಹೆಗಲ ಮೇಲಿನ ಕಂಬಳಿಯನ್ನು ತೆಗೆದು ಕೊಡವಿದ. ಕರಿಯ, ಭಾರದ, ಅವನದೇ ಕುರಿಯ ಉಣ್ಣೆಯದು.

"ಕಂಬಳಿಗೆ ಮೈಲಿಗೆ ಇಲ್ಲ," ಎಂದ. "ದೇವರನ್ನೂ ಇದರ ಮ್ಯಾಲೆ ಕೂರಿಸ್ತೀವಿ. ಕೂಸಿನ ತಾಯಿನ ಇದರಾಗೆ ಇಟ್ಟು, ನಾಕು ಮೂಲೆ ನಾಕು ಜನ ಹಿಡೀರಿ. ನೀವು ಹಿಡಿಯಾದು ಕಂಬಳಿ, ಅವಳನ್ನಲ್ಲ. ಹಿಡೀರಲೇ."

ನಾನೂ ಹುಚ್ಚಕ್ಕನೂ ಒಳಗೆ ಹೋಗಿ ಅವಳನ್ನು ಕಂಬಳಿಯ ಮೇಲೆ ಸರಿಸಿದೆವು. ನಾಲ್ವರು ಕಂಬಳಿ ಎತ್ತಿದರು, ಹುಚ್ಚಕ್ಕ ಮಗುವನ್ನು ಎತ್ತಿಕೊಂಡಳು. ಮೊದಲು ಮೈಲಿಗೆಯ ಮಾತೆತ್ತಿದವನೇ ತಲೆಯ ಕಡೆಯ ಮೂಲೆ ಹಿಡಿದಿದ್ದ, ಅಲುಗಾಡದಂತೆ ಮೊಣಕೈಯನ್ನು ಎದೆಗೆ ಒತ್ತಿಕೊಂಡು ಹಳ್ಳ ದಾಟಿದ.

ಹಿಂದೆ ಉಳಿದಿದ್ದ ಒಬ್ಬ ಮುದುಕ ಡ್ರಮ್ಮನ್ನು ಬಗ್ಗಿಸಿ ನೀರು ಚೆಲ್ಲಲು ಹೊರಟಿದ್ದ. ಇಳಿಜಾರಿನ ಕೆಳಗೆ ಕುರಿಗಳು ಕುಡಿಯುವ ಹೊಂಡವಿತ್ತು. ನಾನು ಕೂಗಿ ತಡೆದೆ. ಅದನ್ನು ಯಾವ ನೀರಿಗೂ ಸೇರಿಸಬಾರದೆಂದು ದೊಡ್ಡ ದೊಡ್ಡ ಹಡಗಿನವರಿಗೇ ನಿಯಮ ಮಾಡಿದ್ದಾರೆ ಎಂದೆ. ಹಡಗು ಎಂದರೇನೆಂದು ಅವನು ಕೇಳಲಿಲ್ಲ. ಡ್ರಮ್ಮನ್ನು ಮೆಲ್ಲಗೆ ನೆಟ್ಟಗೆ ನಿಲ್ಲಿಸಿ, ಬಾಯಿಗೆ ಚಪ್ಪಡಿ ಮುಚ್ಚಿ, ಸುತ್ತ ಮುಳ್ಳು ಹೇರಿದ.

ಹಿರಿಯೂರಿನ ಆಸ್ಪತ್ರೆಯಲ್ಲಿ ಆಗ ಕೆಲಸದಲ್ಲಿದ್ದವರು ಒಬ್ಬರು ಎಳೆಯ ಡಾಕ್ಟರು. ಅವರೂ ಮೊದಲು ಹೆರಿಗೆಯ ನಂಜೇ ಎಂದುಕೊಂಡರು. ವಿಷವೆಂದಾಗ, ಯಾವ ವಿಷ ಎಂದರು. ಹತ್ತಿಗೆ ಹೊಡೆಯುವ ಮದ್ದು ಎಂದು ಚಿತ್ತಪ್ಪ ಅದರ ಮಾರಾಟದ ಹೆಸರು ಹೇಳಿದ. ಡಾಕ್ಟರು ತಲೆ ಅಲ್ಲಾಡಿಸಿದರು. "ಆ ಹೆಸರಲ್ಲಿ ಏನೇನೋ ಮಾರ್ತಾರೆ. ಒಂದಕ್ಕೆ ಕೊಡೋ ಔಷಧಿ ಇನ್ನೊಂದಕ್ಕೆ ಕೊಡೋ ಹಾಗಿಲ್ಲ. ಒಳಗಿದ್ದದ್ದು ಏನು, ಅದು ಬೇಕು ನನಗೆ."

ನಾನು ಚೀಲದಿಂದ ಕಾರ್ಬನ್ ಪ್ರತಿ ತೆಗೆದು ಅವರ ಮುಂದೆ ಹಿಡಿದೆ. ಅವರು ಒಂದು ಸಲ ಓದಿ, ಮತ್ತೆ ನನ್ನ ಕಡೆ ನೋಡದೆ, ನರ್ಸಿಗೆ ಅಟ್ರೋಪಿನ್ ಇಂಜೆಕ್ಷನ್ ಎಂದರು. ಅವಳ ಬಟ್ಟೆಯನ್ನೆಲ್ಲ ತೆಗೆದು ಸೋಪಿನಿಂದ ಮೈ ತೊಳೆಯಿರಿ, ಮಗುವನ್ನೂ ತೊಳೆಯಿರಿ ಎಂದರು. ಆಸ್ಪತ್ರೆಯಲ್ಲಿದ್ದ ಔಷಧಿ ಸಂಜೆಯೊಳಗೆ ಮುಗಿಯಿತು. ಚಿತ್ತಪ್ಪ ಊರಿನ ಮೆಡಿಕಲ್ ಶಾಪುಗಳನ್ನೆಲ್ಲ ಸುತ್ತಿದ. ಕದ ಹಾಕುತ್ತಿದ್ದ ಒಬ್ಬ ಅಂಗಡಿಯವರು ಮತ್ತೆ ತೆರೆದು, ಇದ್ದ ಪೆಟ್ಟಿಗೆಯನ್ನು ಪೂರ್ತಿ ಅವನ ಕೈಗಿಟ್ಟು, ಉಳಿದದ್ದು ಬೇಕಾದರೆ ಚಳ್ಳಕೆರೆಯಿಂದ ತರಿಸುತ್ತೇನೆ ಎಂದು ತಾವೇ ಫೋನು ಮಾಡಿದರಂತೆ.

ಮಗು ಹಸಿದು ಅತ್ತು ಅತ್ತು ದನಿ ಹೋಗಿತ್ತು. ಅದರ ಮೈಯಲ್ಲಿ ವಿಷದ ಲಕ್ಷಣ ಕಾಣಲಿಲ್ಲ, ಆದರೆ ತಾಯಿಯ ಹಾಲು ಕೊಡಬಾರದೆಂದು ಡಾಕ್ಟರು ಹೇಳಿದ್ದರು. ಪಕ್ಕದ ಮಂಚದಲ್ಲಿ ಸಾಬರ ಹೆಂಗಸೊಬ್ಬಳು ತನ್ನ ಮಗುವಿಗೆ ಹಾಲೂಡಿಸುತ್ತಿದ್ದಳು. ಅದನ್ನು ಮುಗಿಸಿ, ಸೆರಗು ಸರಿಮಾಡಿಕೊಳ್ಳದೆ, ಹುಚ್ಚಕ್ಕನ ಕಡೆಗೆ ಎರಡು ಕೈ ಚಾಚಿದಳು. ಹುಚ್ಚಕ್ಕ ನನ್ನ ಮುಖ ನೋಡಿದಳು, ಮಗಳ ಮುಖ ನೋಡಿದಳು, ಆಮೇಲೆ ಎದ್ದು ಹೋಗಿ ಮಗುವನ್ನು ಆ ಕೈಗಳಲ್ಲಿಟ್ಟಳು.

ಮರುದಿನ ಬೆಳಿಗ್ಗೆ ನಾನು ಚಿತ್ರದುರ್ಗಕ್ಕೆ ಬಂದೆ. ಮುದ್ದಕ್ಕನಿಗೆ ಇನ್ನೂ ಪ್ರಜ್ಞೆ ಬಂದಿರಲಿಲ್ಲ. ಚಿತ್ತಪ್ಪ ಹಟ್ಟಿಗೆ ಹೋಗಿ, ಎತ್ತರದ ಬರಡು ಜಾಗದಲ್ಲಿ ಆಳದ ಗುಂಡಿ ತೋಡಿಸಿ ನೀರನ್ನು ಅಲ್ಲಿಗೆ ಹಾಕಿಸಿ, ಡ್ರಮ್ಮನ್ನು ತಂದಿದ್ದ. ಅದರ ಮೇಲೆ ಮತ್ತೆ ಗುರುತು ಬರೆಯಿಸಬೇಕಿತ್ತು. ಪಟ್ಟಿಯಲ್ಲಿ ಖಾಲಿ ಡ್ರಮ್ಮುಗಳ ಮುಂದೆ ಷರಾ ಬರೆಯುವ ಒಂದು ಕಾಲಂ ಇತ್ತು. ಈ ಡ್ರಮ್ಮಿನ ಗುರುತು ಯಾಕೆ ಹೋಗಿದೆ ಎಂದು ಅಲ್ಲಿ ಹೇಳಬೇಕು. ಬೊಂಬಾಯಿಯ ಕಂಪನಿಯವರು ಫೋನಿನಲ್ಲಿ, ಸಾಗಣೆಯಲ್ಲಿ ಉಜ್ಜಿಹೋಯಿತು ಎಂದು ಬರೆದುಬಿಡಿ, ಯಾರು ಕೇಳುತ್ತಾರೆ ಎಂದಿದ್ದರು.

ಕಾಟಯ್ಯ ಆಸ್ಪತ್ರೆಯಿಂದ ನನ್ನ ಜೊತೆಗೇ ಬಂದಿದ್ದ. ತಾನು ಕೇಳದೆ ಕದ್ದು ಒಯ್ದೆನೆಂದು ಬರೆಯಿರಿ, ಸಾಹೇಬರಿಗೆ ತೊಂದರೆಯಾಗುವುದು ಬೇಡ ಎಂದ. ಗೋವಿಂದಪ್ಪನವರು ಪಟ್ಟಿಯನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಕದಿಯೋನು ಬಾಗಿಲಲ್ಲಿ ಅರ್ಧ ಗಂಟೆ ನಿಂತ್ಕಂಡು ಕೇಳ್ತಾನೇನಯ್ಯ? ಕೊಟ್ಟೋನು ನಾನು. ನೀನು ಹೋಗಿ ಮಗಳ ಹತ್ರ ಇರು."

ಟೈಪು ಮಾಡಲು ನನಗೆ ಕೊಡದೆ ಅವರೇ ಕೈಬರಹದಲ್ಲಿ ಬರೆದರು. ಈ ಡ್ರಮ್ಮನ್ನು ನನ್ನ ಅಪ್ಪಣೆಯಿಂದ ಮನೆಬಳಕೆಗೆ ಕೊಡಲಾಗಿತ್ತು, ಒಬ್ಬ ಹೆಣ್ಣುಮಗಳಿಗೆ ವಿಷ ತಗುಲಿ ಆಸ್ಪತ್ರೆಯಲ್ಲಿದ್ದಾಳೆ, ಡ್ರಮ್ಮು ಶುದ್ಧವಾಗಿಲ್ಲ, ತುಂಬಿದ್ದೆಂದೇ ಎಣಿಸಿ ಸಾಗಿಸುವುದು. ಕೆಳಗೆ ರುಜು. ಮುಂದೆ ಎರಡು ತಿಂಗಳಲ್ಲಿ ಅವರನ್ನು ಆ ಕುರ್ಚಿಯಿಂದ ತೆಗೆದು ದೂರದ ಒಂದು ಶಾಖೆಗೆ ಹಾಕಿದರು. ಬೂದಿ ಹಾಕಿ ತೊಳೆದರೆ ಸಾಕು ಎಂದು ಹೇಳಿದವರು ಯಾರೆಂದು ಆ ಷರಾದಲ್ಲಿ ಇರಲಿಲ್ಲ. ಅದನ್ನು ನಾನೇ ಹೇಳಬೇಕಿತ್ತು. ಹೇಳಲಿಲ್ಲ. ಕಾಟಯ್ಯನೂ ಹುಚ್ಚಕ್ಕನೂ ಎಂದೂ ಅದನ್ನು ಬಾಯಿಬಿಟ್ಟು ನೆನಪಿಸಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ನಾನು ಮತ್ತೆ ಹಿರಿಯೂರಿಗೆ ಹೋದಾಗ ಮುದ್ದಕ್ಕ ಕಣ್ಣು ಬಿಟ್ಟಿದ್ದಳು. ಕಣ್ಣಿನ ಪಾಪೆ ಈಗ ದೊಡ್ಡದಾಗಿತ್ತು, ಬೆಳಕಿಗೆ ಮುಖ ಹಿಂಡುತ್ತಿದ್ದಳು. ಔಷಧಿಗೆ ಬಾಯಿ ಒಣಗುತ್ತದೆ ಎಂದು ನರ್ಸು ಹೇಳಿದಳು. ಮುದ್ದಕ್ಕ ತುಟಿ ಸವರಿಕೊಂಡು ಮೆಲ್ಲಗೆ, "ನೀರು," ಎಂದಳು.

ಮಂಚದ ಪಕ್ಕದಲ್ಲಿ ಆಸ್ಪತ್ರೆಯ ಕೂಜೆಯಿತ್ತು, ಲೋಟವಿತ್ತು. ನಮ್ಮಲ್ಲಿ ಯಾರೂ ಕೈ ಚಾಚಲಿಲ್ಲ. ಹುಚ್ಚಕ್ಕ ಗೋಡೆಗೆ ಒರಗಿದಳು. ನನ್ನ ಕೈಯೂ ಏಳಲಿಲ್ಲ. ಅವಳು ಇನ್ನೊಮ್ಮೆ ಕೇಳಿದಳು, ನಾವು ಕೇಳಿಸಿಕೊಂಡಿಲ್ಲವೇನೋ ಎಂಬಂತೆ.

ಕಾಟಯ್ಯ ಎದ್ದ. ಕೂಜೆಯಿಂದ ಲೋಟಕ್ಕೆ ನೀರು ಬಗ್ಗಿಸಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಮೂಸಿದ. ಒಂದು ಗುಟುಕು ತಾನು ಕುಡಿದು, ಮಂಚದ ತುದಿಯಲ್ಲಿ ಕೂತು ಕಾದ. ಕಾದರೆ ಏನು ತಿಳಿಯುತ್ತದೆಂದು ಯಾರೂ ಹೇಳಲಿಲ್ಲ. ನರ್ಸು ಕೂಡ ಔಷಧಿಯ ತಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಳು. ಸ್ವಲ್ಪ ಹೊತ್ತಿನ ಮೇಲೆ ಅವನು ಮಗಳ ಕತ್ತಿನ ಹಿಂದೆ ಅಂಗೈ ಇಟ್ಟು ತಲೆ ಎತ್ತಿ, ಲೋಟವನ್ನು ಅವಳ ತುಟಿಗೆ ಹಿಡಿದ.

"ಕುಡಿಯವ್ವ," ಎಂದ. "ನಿಧಾನಕ್ಕೆ ಕುಡಿ."